ಹೆಬ್ಬಾವಿನ ಗೂಡಿಗೆ ಬಿಸಿಕಲ್ಲು ಒಂದೇ ಸಾಕೇ? ಒಂದು ಸ್ಪಷ್ಟನೆ

‘ಬಾಲ್ ಪೈಥಾನ್ (ಮನೆಯಲ್ಲಿ ಸಾಕುವ ಒಂದು ಬಗೆಯ ಹೆಬ್ಬಾವು) ಗೂಡಿಗೆ ಒಂದು ಹೀಟ್ ರಾಕ್ (ಕರೆಂಟಿನಿಂದ ಬಿಸಿಯಾಗುವ ಕಲ್ಲು) ಇಟ್ಟರೆ ಸಾಕು, ಬಿಸಿ ಜಾಸ್ತಿಯಾದರೆ ಹಾವೇ ಸರಿದುಕೊಳ್ಳುತ್ತೆ’ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು, ದಯವಿಟ್ಟು ನಂಬಬೇಡಿ. ಗೂಡಿನ ಗಾಳಿ ತಣ್ಣಗಿದ್ದು ಕಲ್ಲು ಮಾತ್ರ ಬಿಸಿಯಿದ್ದರೆ ಹಾವು ಅದಕ್ಕೇ ಅಂಟಿಕೊಂಡು ಮಲಗುತ್ತದೆ. ಹೊಟ್ಟೆಯ ಚರ್ಮ ಸುಡುತ್ತಿದ್ದರೂ ಎಷ್ಟೋ ಸಲ ಸರಿಯುವುದಿಲ್ಲ, ಪಾಪ.

ಆಫ್ರಿಕಾ ಮೂಲದ ಈ ಹಾವಿಗೆ ಗೂಡಿನ ಒಂದು ಬದಿ ಸುಮಾರು 32 ಡಿಗ್ರಿ ಸೆಲ್ಸಿಯಸ್, ಇನ್ನೊಂದು ಬದಿ 26 ಡಿಗ್ರಿ ಇರಬೇಕು. ಎರಡೂ ಕಡೆ ಅಡಗಲು ಜಾಗ ಬೇಕು. ತೀರಾ ತಣ್ಣಗಾದರೆ ತಿಂದದ್ದು ಅರಗದೆ, ನುಂಗಿದ ಇಲಿಯನ್ನು ಕಕ್ಕಬಹುದು. ಹೀಟ್ ಮ್ಯಾಟ್ (ಬಿಸಿಯಾಗುವ ಚಾಪೆ) ಆಗಲಿ, ಬಲ್ಬ್ ಆಗಲಿ, ಥರ್ಮೋಸ್ಟಾಟ್ (ಬಿಸಿಯನ್ನು ಹಿಡಿತದಲ್ಲಿಡುವ ಸಾಧನ) ಇಲ್ಲದೆ ಹಾಕಲೇಬೇಡಿ. ಸುಮ್ನೆ ಅಂಗೈ ಇಟ್ಟು ನೋಡಿದರೆ ಗೊತ್ತಾಗುವುದಿಲ್ಲ. ಎರಡೂ ಬದಿಗೆ ಡಿಜಿಟಲ್ ಥರ್ಮಾಮೀಟರ್ ಇಡಿ.