ಮೊದಲು ಒಣನೆಲ, ಆಮೇಲೆ ಫಿಯಟ್

ಮೇಗರವಳ್ಳಿಯಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಅಂಚಿನಲ್ಲಿರುವ ಹಳೆಯ ಮನೆಯೊಂದರ ಕೊಟ್ಟಿಗೆಯಲ್ಲಿ 1975ರ ಪ್ರೀಮಿಯರ್ ಪದ್ಮಿನಿ ನಿಂತಿದೆ. ದಾಖಲೆಯಲ್ಲಿ ಪದ್ಮಿನಿ, ನಮ್ಮ ಕಡೆಯವರ ಬಾಯಲ್ಲಿ ಅಂದಿಗೂ ಇಂದಿಗೂ ಫಿಯಟ್. ಇಟಲಿಯ ಫಿಯಟ್ 1100ರ ಅಚ್ಚಿನಲ್ಲೇ ಮುಂಬೈಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಕಾರು ಅದು. ನಲವತ್ತು ಸಾವಿರಕ್ಕೆ ಕೊಡುತ್ತೇನೆ ಎಂದು ಆ ಮನೆಯ ಅಜ್ಜ ಹೇಳಿದ ದಿನದಿಂದ ಎರಡು ತಿಂಗಳು ನನಗೆ ಬೇರೆ ಯೋಚನೆಯೇ ಇರಲಿಲ್ಲ. ಪಾಠ ಮಾಡುವಾಗಲೂ ಅದೇ, ಪಾತ್ರೆ ತೊಳೆಯುವಾಗಲೂ ಅದೇ. ತೀರ್ಮಾನವನ್ನು ಮೊನ್ನೆಯಷ್ಟೇ ಮಾಡಿದೆ. ಹೀಗೇ ಒಂದು ಹಳೆಯ ಕಾರಿನ ಮುಂದೆ ನಿಂತು ಮನಸ್ಸು ಅತ್ತ ಇತ್ತ ಎಳೆದಾಡುತ್ತಿರುವವರು ನಮ್ಮ ಜಿಲ್ಲೆಯಲ್ಲಿ ಇನ್ನೂ ಕೆಲವರಿದ್ದಾರೆ ಎಂದು ಗೊತ್ತು. ಅವರಿಗಾಗಿ ಬರೆಯುತ್ತಿದ್ದೇನೆ.

ನನ್ನ ಅಪ್ಪ ತೀರ್ಥಹಳ್ಳಿಯಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದರು. ಅದೂ ಫಿಯಟ್. ಸ್ಟೀರಿಂಗ್ ಪಕ್ಕದಲ್ಲೇ ಗೇರು, ಮುಂದೆ ಒಂದೇ ಉದ್ದನೆಯ ಸೀಟು. 1994ರಲ್ಲಿ ನಾನು ಕಾರು ಕಲಿತದ್ದು ಅದರಲ್ಲಿಯೇ. ಕುರುವಳ್ಳಿಯ ಕಡೆಯಿಂದ ತುಂಗೆಯ ಸೇತುವೆ ಹತ್ತುವಾಗ ಅಪ್ಪ ತಮ್ಮ ಕೈಯನ್ನು ನನ್ನ ಕೈಯ ಮೇಲಿಟ್ಟು ಎರಡನೆಯ ಗೇರಿಗೆ ಎಳೆಯುತ್ತಿದ್ದರು. ನಾಲ್ಕು ವರ್ಷದ ನಂತರ ನನ್ನ ಬಿ.ಇಡಿ. ಶುಲ್ಕಕ್ಕೆಂದು ಅದನ್ನು ಮಾರಿದರು. ಹಾಗಾಗಿ ಆ ಕೊಟ್ಟಿಗೆಯ ಕತ್ತಲಲ್ಲಿ ಎರಡು ದುಂಡು ದೀಪ ಕಂಡಾಗ ನನಗೇನಾಯಿತು ಎಂಬುದನ್ನು ವಿವರಿಸಬೇಕಾಗಿಲ್ಲ. ಆದರೆ ಅಂಥ ಗಳಿಗೆಯಲ್ಲಿ ಯಾರೂ ಹಣ ಕೊಡಬಾರದು. ಕಾರನ್ನು ಎದುರಿನಿಂದ ನೋಡಿ ಮನಸ್ಸು ಕೊಡಬಹುದು. ಮುಂಗಡ ಕೊಡುವುದಾದರೆ ಅದರ ಕೆಳಗೆ ಮಲಗಿ ಎದ್ದ ಮೇಲೆಯೇ.

ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಟಿಂಕರಿಂಗ್ ಮಾಡುವ ಹಿರಿಯ ಮೇಸ್ತ್ರಿಯೊಬ್ಬರನ್ನು ಒಂದು ಭಾನುವಾರ ಕರೆದುಕೊಂಡು ಹೋದೆ. ಈಗಿನ ಹುಡುಗರು ಬಾಗಿಲು ಜಜ್ಜಿದರೆ ಬಾಗಿಲನ್ನೇ ಬದಲಾಯಿಸುತ್ತಾರೆ. ಇವರು ತಗಡನ್ನು ಕೈಯಲ್ಲೇ ಬಡಿದು ಆಕಾರಕ್ಕೆ ತರುವ ತಲೆಮಾರಿನವರು. ಅವರು ಒಂದು ಜಾಕ್, ಟಾರ್ಚು, ಉದ್ದನೆಯ ಸ್ಕ್ರೂಡ್ರೈವರ್ ತಂದಿದ್ದರು. ನಾನು ಶಾಲೆಯ ಪ್ರಯೋಗಾಲಯದಿಂದ ದಂಡ ಅಯಸ್ಕಾಂತವನ್ನು ಕರವಸ್ತ್ರದಲ್ಲಿ ಸುತ್ತಿ ಒಯ್ದಿದ್ದೆ. ಬಾನೆಟ್ಟಿನ ಮೇಲಿಟ್ಟರೆ ಗಟ್ಟಿಯಾಗಿ ಹಿಡಿಯಿತು. ಮುಂದಿನ ಮಡ್‌ಗಾರ್ಡಿನಲ್ಲಿ ದೀಪದ ಕೆಳಗೆ ಇಟ್ಟರೆ ಜಾರಿ ಬಿದ್ದಿತು. ಅಂದರೆ ಅಲ್ಲಿ ಬಣ್ಣದ ಕೆಳಗೆ ಇರುವುದು ಪುಟ್ಟಿ, ತಗಡು ಎಂದೋ ಹೋಗಿದೆ.

ಅದು ದೊಡ್ಡ ವಿಷಯವಾಗಿರಲಿಲ್ಲ. ದೊಡ್ಡ ವಿಷಯ ಇದ್ದದ್ದು ಬಾಗಿಲ ಕೆಳಗೆ, ನಾವು ಕಾಲಿಟ್ಟು ಹತ್ತುವ ಕಡೆ. ಅಲ್ಲಿ ಎರಡು ತಗಡುಗಳನ್ನು ಸೇರಿಸಿ ಉದ್ದಕ್ಕೂ ಪೆಟ್ಟಿಗೆಯಂತೆ ಮಾಡಿರುತ್ತಾರೆ. ಒಳಗೆ ಇಳಿದ ನೀರು ಹೊರಗೆ ಹೋಗಲು ಕೆಳಗೆ ಸಣ್ಣ ತೂತುಗಳಿರುತ್ತವೆ. ಕೆಸರು ತುಂಬಿ ಅವು ಮುಚ್ಚಿದರೆ ಪೆಟ್ಟಿಗೆ ಒಳಗಿನಿಂದ ಕೊಳೆಯುತ್ತದೆ, ಹೊರಗಿನ ಬಣ್ಣ ಮಾತ್ರ ನಗುತ್ತಿರುತ್ತದೆ. ಮೇಸ್ತ್ರಿ ಅಲ್ಲಿ ಸ್ಕ್ರೂಡ್ರೈವರಿನ ತುದಿ ಒತ್ತಿದರು. ಬಲವನ್ನೇನೂ ಹಾಕಲಿಲ್ಲ. ನೆನೆದ ಹಪ್ಪಳಕ್ಕೆ ಬೆರಳು ಒತ್ತಿದಂತೆ ಅದು ಹಿಡಿಯವರೆಗೆ ಒಳಗಿಳಿಯಿತು. ಹೊರಗೆಳೆದಾಗ ಒಂದು ಹಿಡಿ ಕೆಂಪು ಪುಡಿ ಸುರಿಯಿತು, ಅದರ ಜೊತೆಗೆ ಇಲಿ ಕೂಡಿಟ್ಟ ಭತ್ತದ ಹೊಟ್ಟು. ಮೇಸ್ತ್ರಿ ಆ ಪುಡಿಯನ್ನು ಬೆರಳಿನಲ್ಲಿ ತಿಕ್ಕಿ, “ಟೀಚರ್, ಇದು ಕೆಮ್ಮಣ್ಣಾಗಿದೆ” ಎಂದರು.

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಕೆಮ್ಮಣ್ಣುಗುಂಡಿಯ ಕೆಂಪು ಅದಿರನ್ನು ಭದ್ರಾವತಿಗೆ ತಂದು, 1923ರಿಂದ ನಮ್ಮ ಹಿರಿಯರು ಅದನ್ನು ಕಬ್ಬಿಣ ಮಾಡಿದರು. ಅದಿರಿನಲ್ಲಿರುವುದು ಆಮ್ಲಜನಕ ಹಿಡಿದುಕೊಂಡ ಕಬ್ಬಿಣ. ಕುಲುಮೆ ಮಾಡುವುದೆಂದರೆ ಆ ಆಮ್ಲಜನಕವನ್ನು ಬಿಡಿಸುವ ಕೆಲಸ. ತುಕ್ಕು ಎಂದರೆ ಕಬ್ಬಿಣ ಅದನ್ನು ಮತ್ತೆ ಹಿಡಿದುಕೊಂಡು, ನೀರನ್ನೂ ಸೇರಿಸಿಕೊಂಡು ಮಣ್ಣಿನ ಕಡೆಗೆ ನಡೆಯುವುದು. ಹೀಗೆ ಹೋದದ್ದನ್ನು ಉಜ್ಜಿ, ಬಣ್ಣ ಬಳಿದು ಯಾರೂ ವಾಪಸು ಕರೆಯಲಾರರು. ಹೋದ ತಗಡನ್ನು ಕತ್ತರಿಸಿ ತೆಗೆದು ಹೊಸದನ್ನು ಬೆಸೆಯಬೇಕು, ಬೇರೆ ದಾರಿಯಿಲ್ಲ.

ಡಿಕ್ಕಿ ತೆರೆದಾಗ ಇನ್ನೊಂದು ಕಂಡಿತು. ನೆಲದ ತಗಡಿನ ಮೂಲೆಯಲ್ಲಿ ತೆಳುನೀಲಿ ಕಲೆ, ಅದರ ಸುತ್ತ ತಾಮ್ರದ ಬಣ್ಣದ ಪೊರೆ, ನಡುವೆ ಅಂಗೈ ಅಗಲದ ತೂತು. ತೂತಿನ ಮೂಲಕ ಕೊಟ್ಟಿಗೆಯ ನೆಲ ಕಾಣುತ್ತಿತ್ತು. “ಅಜ್ಜಾ, ಇದರಲ್ಲಿ ಮೈಲುತುತ್ತ ತರುತ್ತಿದ್ದಿರಾ?” ಎಂದು ಕೇಳಿದೆ. “ಮತ್ತೆ ಇನ್ನೇತರಲ್ಲಿ ತರುವುದು ತಂಗಿ? ಮಳೆ ಹಿಡಿಯುವ ಮೊದಲು ಔಷಧಿ ಹೊಡೆಯದಿದ್ದರೆ ಕೊಳೆ ಬರುತ್ತದಲ್ಲ” ಎಂದರು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಬೇಕಾದದ್ದು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಮತ್ತು ಸುಣ್ಣ. ನಾನು ಪ್ರತಿ ವರ್ಷ ಹತ್ತನೆಯ ತರಗತಿಯ ಮಕ್ಕಳಿಗೆ ಮೈಲುತುತ್ತದ ದ್ರಾವಣದಲ್ಲಿ ಕಬ್ಬಿಣದ ಮೊಳೆ ಮುಳುಗಿಸಿ ತೋರಿಸುತ್ತೇನೆ. ಮೊಳೆಯ ಮೇಲೆ ಕಂದು ತಾಮ್ರ ಕೂರುತ್ತದೆ, ನೀಲಿ ನೀರು ಹಸಿರಾಗುತ್ತದೆ, ಕಬ್ಬಿಣ ಕರಗಿ ನೀರಿಗೆ ಹೋಗುತ್ತದೆ. ಪ್ರಯೋಗಾಲಯದಲ್ಲಿ ಇಪ್ಪತ್ತು ನಿಮಿಷದ ಪಾಠ. ಅದೇ ಪಾಠ ಈ ಡಿಕ್ಕಿಯಲ್ಲಿ ಮೂವತ್ತು ಮಳೆಗಾಲ ನಡೆದಿದೆ. ಮಲೆನಾಡಿನಲ್ಲಿ ಹಳೆಯ ಕಾರು ನೋಡಲು ಹೋಗುವವರು ದಯವಿಟ್ಟು ಡಿಕ್ಕಿಯ ರಬ್ಬರ್ ಹಾಸನ್ನು ಎತ್ತಿ ನೋಡಿ. ತೋಟದ ಮನೆಯ ಕಾರಾದರೆ ಎರಡು ಸಲ ನೋಡಿ.

ಎಂಜಿನ್ ಮಾತ್ರ ನನ್ನ ಕಣ್ಣಲ್ಲಿ ನೀರು ತರಿಸಿತು. ಮೇಸ್ತ್ರಿಯ ಜೊತೆ ಬಂದ ಮೆಕ್ಯಾನಿಕ್ ನಾಲ್ಕೂ ಪ್ಲಗ್ ಬಿಚ್ಚಿ, ತೂತಿಗೆ ಎಣ್ಣೆ ಬಿಟ್ಟು, ಊಟ ಮುಗಿಯುವವರೆಗೆ ಕಾದು, ಪುಲ್ಲಿಗೆ ಸ್ಪ್ಯಾನರ್ ಹಾಕಿ ನಿಧಾನವಾಗಿ ತಿರುಗಿಸಿದರು. ಮೊದಲು ಕದಲಲಿಲ್ಲ. ಆಮೇಲೆ ಒಂದು ನಿಟ್ಟುಸಿರಿನಂಥ ಸದ್ದು ಮಾಡಿ ತಿರುಗಿತು. 1089 ಸಿಸಿಯ ಆ ಪುಟ್ಟ ಎಂಜಿನ್ ಇಪ್ಪತ್ತು ವರ್ಷ ಸುಮ್ಮನೆ ಕುಳಿತೂ ಜೀವ ಹಿಡಿದುಕೊಂಡಿತ್ತು.

ಇಲ್ಲಿಯೇ ಹೆಚ್ಚಿನವರು ತಪ್ಪುವುದು. ಎಂಜಿನ್ ತಿರುಗಿತು ಎಂದ ಕೂಡಲೇ ಕಾರು ಬದುಕಿದೆ ಎಂದುಕೊಳ್ಳುತ್ತಾರೆ. ನನ್ನ ಸ್ನೇಹಿತರೂ ಹಾಗೆಯೇ ಹೇಳಿದರು: ತುಕ್ಕು ಏನು ಮಹಾ, ಟಿಂಕರಿಂಗ್ ಮಾಡಿಸಿದರಾಯಿತು. ಜೀಪಿನ ವಿಷಯದಲ್ಲಾದರೆ ನಾನೂ ಒಪ್ಪುತ್ತೇನೆ. ಜೀಪಿಗೆ ಕೆಳಗೆ ಏಣಿಯಂಥ ಗಟ್ಟಿ ಚಾಸಿಸ್ ಬೇರೆಯೇ ಇರುತ್ತದೆ. ಮೇಲಿನ ತಗಡೆಲ್ಲ ಕೊಳೆತರೂ ಎತ್ತಿ ಪಕ್ಕಕ್ಕಿಟ್ಟು ಹೊಸದನ್ನು ಕೂರಿಸಬಹುದು. ನಮ್ಮ ಘಟ್ಟದ ಊರುಗಳಲ್ಲಿ ಅಷ್ಟೊಂದು ಹಳೆಯ ಜೀಪುಗಳು ಇನ್ನೂ ಓಡುತ್ತಿರುವುದಕ್ಕೆ ಇದೂ ಒಂದು ಕಾರಣ. ಫಿಯಟ್ ಹಾಗಲ್ಲ, ಅಂಬಾಸಿಡರ್ ಕೂಡ ಹಾಗಲ್ಲ. ಅವುಗಳಿಗೆ ಒಡಲೇ ಚಾಸಿಸ್. ಆ ಬಾಗಿಲ ಕೆಳಗಿನ ಪೆಟ್ಟಿಗೆ, ನೆಲದ ತಗಡು, ಹಿಂದಿನ ಲೀಫ್ ಸ್ಪ್ರಿಂಗ್ ಸಿಕ್ಕಿಸುವ ಜಾಗ, ಇವೇ ಇಡೀ ಕಾರನ್ನು ಹೊತ್ತಿರುವುದು. ನಾವು ನೋಡಿದ ಕಾರಿನಲ್ಲಿ ಎಡಗಡೆಯ ಸ್ಪ್ರಿಂಗ್ ಸಿಕ್ಕಿಸುವ ಜಾಗ ಎಲೆಯಂತೆ ಪದರ ಪದರವಾಗಿ ಬಿಡುತ್ತಿತ್ತು. ಜಾಕ್ ಕೊಡಲು ಗಟ್ಟಿ ಜಾಗ ಹುಡುಕುವುದರಲ್ಲೇ ಮೇಸ್ತ್ರಿಗೆ ಅರ್ಧ ಗಂಟೆ ಹಿಡಿಯಿತು. ಇಂಥದ್ದನ್ನು ಬೆಸೆಯುವಾಗ ಒಡಲು ಒಂದಿಷ್ಟು ವಾಲಿದರೂ ಆಮೇಲೆ ಬಾಗಿಲು ಕೂರುವುದಿಲ್ಲ, ಚಕ್ರ ನೇರ ಓಡುವುದಿಲ್ಲ. ಆಗುಂಬೆ ಘಾಟಿಯ ತಿರುವಿನಲ್ಲಿ ಮನೆಮಂದಿಯನ್ನು ಕೂರಿಸಿಕೊಂಡು ಇಳಿಯುವ ಕಾರಿನಲ್ಲಿ ಅಂಥ ಸಂಶಯ ನನಗೆ ಬೇಡ.

ಖರ್ಚಿನ ಲೆಕ್ಕ ಬೇಗ ಮುಗಿಸುತ್ತೇನೆ. ಟಿಂಕರಿಂಗ್ ಒಂದಕ್ಕೇ ನಾಲ್ಕು ತಿಂಗಳು, ಬಣ್ಣ, ವೈರಿಂಗ್, ಬ್ರೇಕು, ಟೈರು ಎಲ್ಲ ಸೇರಿ ಮೂರು ಲಕ್ಷ ಕೈಯಲ್ಲಿಟ್ಟುಕೊಂಡು ಬನ್ನಿ ಎಂದರು ಮೇಸ್ತ್ರಿ. ಕಾರಿನ ಬೆಲೆ ನಲವತ್ತು ಸಾವಿರ ಎಂಬುದು ಆ ಲೆಕ್ಕದಲ್ಲಿ ಎಲ್ಲಿಯೂ ಕಾಣಲೇ ಇಲ್ಲ.

ಕಾಗದಪತ್ರದ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಇದನ್ನು ಕೊನೆಗೆ ನೋಡುವವರೇ ಹೆಚ್ಚು. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. 600 ರೂಪಾಯಿ ಇದ್ದ ಈ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ಆಯಿತು. 2025ರಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 10,000 ಆಯಿತು. ತಡ ಮಾಡಿದರೆ ತಿಂಗಳಿಗೆ 500ರಂತೆ ಬೇರೆ. ಐವತ್ತು ತುಂಬಿದ, ಮೂಲರೂಪದಲ್ಲಿರುವ ವಾಹನಗಳಿಗೆ 2021ರಿಂದ ವಿಂಟೇಜ್ ನೋಂದಣಿ ಇದೆ: ಶುಲ್ಕ 20,000, ಅವಧಿ ಹತ್ತು ವರ್ಷ, ನಂಬರ್ ಫಲಕದಲ್ಲಿ ‘ವಿಎ’ ಎಂಬ ಅಕ್ಷರಗಳು. ಆದರೆ ಹಾಗೆ ನೋಂದಾಯಿಸಿದ ಕಾರನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ಇಂಧನ ತುಂಬಿಸಲು, ದುರಸ್ತಿಗೆ ರಸ್ತೆಗೆ ಇಳಿಸಬಹುದು, ದಿನಬಳಕೆಗೆ ಇಲ್ಲ. ನನಗೆ ಬೇಕಾದದ್ದು ಬೆಳಿಗ್ಗೆ ಶಾಲೆಗೆ ಹೋಗುವ ಕಾರು. ಯಾವುದಕ್ಕಾಗಿ ಕಾರು ಎಂಬುದು ಮೊದಲು ಸ್ಪಷ್ಟವಾಗದಿದ್ದರೆ ಯಾವ ನೋಂದಣಿ ಎಂಬುದೂ ತೀರ್ಮಾನವಾಗುವುದಿಲ್ಲ.

ಇಷ್ಟಾದರೂ ನನ್ನನ್ನು ತಡೆದದ್ದು ಹಣವೂ ಅಲ್ಲ, ಕಾಗದವೂ ಅಲ್ಲ. ನಮ್ಮ ಮನೆಯವರು ಕೇಳಿದ ಒಂದು ಪ್ರಶ್ನೆ: “ತಂದು ನಿಲ್ಲಿಸುವುದು ಎಲ್ಲಿ?” ನಮ್ಮ ಅಂಗಳಕ್ಕೆ ತಗಡಿನ ಚಪ್ಪರವಿದೆ, ಮೂರು ಕಡೆಯಿಂದ ಇರಚಲು ಹೊಡೆಯುತ್ತದೆ. ಆಗುಂಬೆಯ ಸೀಮೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ; ಆರಿದ್ರಾ ಹಿಡಿದರೆ ಬಟ್ಟೆ ಒಲೆಯ ಮೇಲೆಯೇ ಒಣಗಬೇಕು. ಗಾಳಿಯ ತೇವ ಶೇಕಡಾ 60ರ ಆಸುಪಾಸು ದಾಟಿತೆಂದರೆ ತುಕ್ಕಿನ ವೇಗ ಒಮ್ಮೆಲೇ ಏರುತ್ತದೆ. ನಮ್ಮಲ್ಲಿ ಮಳೆಗಾಲದ ನಾಲ್ಕು ತಿಂಗಳು ತೇವ ಅದಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಇದಕ್ಕೆ ಟಾರ್ಪಾಲು ಹೊದಿಸುವುದು ಔಷಧಿಯಲ್ಲ, ರೋಗ. ನೆಲದಿಂದ ಏಳುವ ಹಬೆಯನ್ನು ಅದು ಕಾರಿನ ಮೈಗೇ ಕಟ್ಟಿಹಾಕುತ್ತದೆ. ಬಣ್ಣವಿಲ್ಲದೆ ಬಿಚ್ಚಿಟ್ಟ ಬರಿಯ ತಗಡು ಒಂದೇ ರಾತ್ರಿಯಲ್ಲಿ ಕೆಂಪಾಗುತ್ತದೆ. ಕತ್ತಿಗೆ ಎಣ್ಣೆ ಸವರಿ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದ ನಮ್ಮ ಅಜ್ಜಿಯರಿಗೆ ಇದು ಗೊತ್ತಿತ್ತು.

ನನ್ನ ಸೋದರಮಾವನ ಮಗ ಹೊಸನಗರದ ಕಡೆ ಒಂದು ಅಂಬಾಸಿಡರ್ ಕೊಂಡು, ದೀಪಾವಳಿಯ ರಜೆಯಲ್ಲಿ ಉತ್ಸಾಹದಿಂದ ಎಲ್ಲವನ್ನೂ ಬಿಚ್ಚಿದ. ಅದು ಒಂಬತ್ತು ವರ್ಷದ ಹಿಂದಿನ ಮಾತು. ಸೀಟುಗಳು ಅಡಿಕೆ ಗೋದಾಮಿನಲ್ಲಿವೆ, ಬಾಗಿಲುಗಳು ಬಚ್ಚಲಮನೆಯ ಹಿಂದೆ, ನಟ್ಟು ಬೋಲ್ಟುಗಳ ಡಬ್ಬ ಎಲ್ಲಿದೆಯೋ ಅವನಿಗೂ ಗೊತ್ತಿಲ್ಲ. ಬಿಚ್ಚದೆ ಬಿಟ್ಟಿದ್ದರೆ ಅದನ್ನು ಇನ್ನೊಬ್ಬರು ಉಳಿಸುತ್ತಿದ್ದರು. ಹಳೆಯ ಕಾರುಗಳು ತುಕ್ಕು ಹಿಡಿದು ಸಾಯುವುದಕ್ಕಿಂತ ಹೆಚ್ಚಾಗಿ ಹೀಗೆ ಅರ್ಧಕ್ಕೆ ನಿಂತ ಪ್ರೀತಿಯಿಂದ ಸಾಯುತ್ತವೆ ಎಂಬುದು ನನ್ನ ದೃಢವಾದ ನಂಬಿಕೆ. ಮುಗಿಸುವ ಜಾಗ, ಹಣ, ಮೇಸ್ತ್ರಿ ಮೂರೂ ಕಣ್ಣೆದುರು ಇಲ್ಲದಿದ್ದರೆ ಸ್ಪ್ಯಾನರ್ ಮುಟ್ಟಬಾರದು.

ಹಾಗಾಗಿ ನಾನು ಕೊಳ್ಳುತ್ತಿಲ್ಲ. ಈ ಬೇಸಿಗೆಯಲ್ಲಿ ಮೊದಲು ಒಂದು ಶೆಡ್ಡು: ಅಂಗಳಕ್ಕಿಂತ ಒಂದೂವರೆ ಅಡಿ ಎತ್ತರದ ನೆಲ, ಕಾಂಕ್ರೀಟಿನ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ, ಮೇಲೆ ಹೆಂಚು, ಗಾಳಿ ಹಾಯಲು ಜಾಲಂದ್ರ. ಅದು ಒಂದು ಮಳೆಗಾಲ ಒಣಗಿ ನಿಂತರೆ, ಆಮೇಲೆ ಚಿತ್ರದುರ್ಗ, ಚಳ್ಳಕೆರೆಯ ಕಡೆ ಹುಡುಕುತ್ತೇನೆ. ಬಯಲುಸೀಮೆಯ ಬಿಸಿಲಿನಲ್ಲಿ ಬಣ್ಣ ಸುಟ್ಟು ಸೀಟು ಸೀಳಿದ ಕಾರು ಸಿಕ್ಕರೂ ಸರಿ, ತಳದ ತಗಡು ಗಟ್ಟಿಯಿದ್ದರೆ ಸಾಕು.

ಇದನ್ನು ಅಜ್ಜನಿಗೆ ಹೇಳುವುದೇ ಕಷ್ಟವಾಗಿತ್ತು. ದಾವಣಗೆರೆಯಲ್ಲಿ ಒಬ್ಬರು ಇದೇ ಮಾದರಿಯ ಫಿಯಟ್ ಸಿದ್ಧ ಮಾಡುತ್ತಿದ್ದಾರೆ, ಒಡಲು ಮುಗಿದಿದೆ, ಎಂಜಿನ್ನಿಗೂ ಮುಂದಿನ ಗಾಜಿಗೂ ಒದ್ದಾಡುತ್ತಿದ್ದಾರೆ ಎಂದು ಮೇಸ್ತ್ರಿ ಹೇಳಿದ್ದರು. ಅದನ್ನು ಅಜ್ಜನ ಮುಂದಿಟ್ಟೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತಾ, “ಅದು ಓಡುವ ಕಾರೋ, ನಿಲ್ಲಿಸಿಡುವ ಕಾರೋ?” ಎಂದು ಕೇಳಿದರು. ಓಡುವ ಕಾರೇ ಎಂದೆ. ಕವಳ ಬಾಯಿಗಿಟ್ಟುಕೊಂಡು ಕೊಟ್ಟಿಗೆಯ ಕಡೆ ಒಮ್ಮೆ ನೋಡಿ, “ಹಾಗಾದರೆ ಎಂಜಿನ್ನಿಗೆ ದುಡ್ಡು ಬೇಡ. ಸಿದ್ಧವಾದ ಮೇಲೆ ಒಂದು ಸಲ ಈ ಅಂಗಳಕ್ಕೆ ತಂದು ಸದ್ದು ಕೇಳಿಸಿ ಹೋಗಲಿ” ಎಂದರು.

ದಾವಣಗೆರೆಯವರು ಒಪ್ಪಿದ್ದಾರೆ. ಬರುವ ಭಾನುವಾರ ಎಂಜಿನ್, ಗೇರ್‌ಬಾಕ್ಸ್, ಗಾಜು ಇಳಿಸುತ್ತೇವೆ. ಮಧ್ಯಾಹ್ನದ ಊಟ ಅಲ್ಲಿಯೇ ಎಂದು ಅಜ್ಜ ಹೇಳಿ ಕಳುಹಿಸಿದ್ದಾರೆ.