ದುಡುಕಿದ ಹುಡುಗನಿಗೆ ‘ಸೈಕೋ’ ಅನ್ನಬೇಡಿ

ನಾನು ಮೂಡಿಗೆರೆ ಕಡೆಯವನು. ಈಗಿರುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ಈ ಸಲ ಕಾಫಿ ಕೊಯ್ಲಿಗೆ ಊರಿಗೆ ಹೋದಾಗ ಮನೆಯಲ್ಲಿ ರಂಪವಾಗಿತ್ತು. ದೊಡ್ಡಪ್ಪನ ಮೊಮ್ಮಗ, 19ರ ಹುಡುಗ, ಯಾರಿಗೂ ಹೇಳದೆ ಎರಡು ಮೂಟೆ ಮೆಣಸು ಮಾರಿ ಬೈಕಿಗೆ ಅಡ್ವಾನ್ಸ್ ಕೊಟ್ಟಿದ್ದ. ಬಂದವರೆಲ್ಲ ಅವನಿಗೆ ‘ಸೈಕೋ’ ಅಂದರು.

ನನಗೆ ಸಂಕಟವಾಯಿತು. ಯಾಕೆಂದರೆ ಅದೇ ಊರಲ್ಲಿ, ಗಂಡ ತೀರಿಕೊಂಡ ಅತ್ತಿಗೆಯಿಂದ ನಗುನಗುತ್ತಾ ಸಹಿ ಹಾಕಿಸಿಕೊಂಡು ತೋಟ ಬರೆಸಿಕೊಂಡವರೊಬ್ಬರಿದ್ದಾರೆ. ಆಕೆ ಅತ್ತರೂ ಅವರಿಗೆ ಏನೂ ಅನಿಸಲಿಲ್ಲ. ಅವರಿಗೆ ಊರಿಟ್ಟ ಹೆಸರು ‘ವ್ಯವಹಾರಸ್ಥರು’.

‘ಸೈಕೋ’ ಅನ್ನುವ ಬೈಗುಳದ ಹಿಂದಿರುವುದು ಸೈಕೋಪತಿ, ಅಂದರೆ ಒಂದು ಬಗೆಯ ವ್ಯಕ್ತಿತ್ವದ ದೋಷ. ಇಲ್ಲಿ ಅಮೆರಿಕದಲ್ಲಿ ತಜ್ಞರು ಅದನ್ನು ಬಾಯಿಗೆ ಬಂದಂತೆ ಹೇಳಿ ಮುಗಿಸುವುದಿಲ್ಲ, ಅಳೆಯುತ್ತಾರೆ. ಕೆನಡಾದ ಮನಶ್ಶಾಸ್ತ್ರಜ್ಞ ರಾಬರ್ಟ್ ಹೇರ್ ಮಾಡಿದ ಪಟ್ಟಿಯಲ್ಲಿ 20 ಅಂಶಗಳಿವೆ, ಒಟ್ಟು 40 ಅಂಕ. ಅಮೆರಿಕದಲ್ಲಿ ಸಾಮಾನ್ಯವಾಗಿ 30 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಾತ್ರ ಆ ಹೆಸರು. ಕರುಣೆ, ಪಶ್ಚಾತ್ತಾಪ ಇಲ್ಲದಿರುವುದು ಅದರ ಒಂದು ಮುಖ. ದುಡುಕು ಇನ್ನೊಂದು ಮುಖ.

ವಿಸ್ಕಾನ್ಸಿನ್‌ನ ಜೈಲಿನಲ್ಲೇ 124 ಕೈದಿಗಳ ಮೆದುಳನ್ನು ಎಂಆರ್‌ಐ ಮಾಡಿ ನೋಡಿದ್ದರು. 2017ರಲ್ಲಿ ಬಂದ ಆ ಅಧ್ಯಯನದಲ್ಲಿ, ಮೆದುಳಿನ ಆಳದಲ್ಲಿರುವ ಸ್ಟ್ರಯೇಟಂ ದೊಡ್ಡದಾಗಿರುವುದಕ್ಕೂ ದುಡುಕಿನ, ಕಟ್ಟುಪಾಡು ಮುರಿಯುವ ಮುಖಕ್ಕೂ ನಂಟು ಕಂಡಿತು. ‘ಬೇಕು, ಈಗಲೇ ಬೇಕು’ ಅನ್ನಿಸುವುದರಲ್ಲಿ ಈ ಭಾಗದ ಕೈವಾಡ ಜಾಸ್ತಿ. 2022ರಲ್ಲಿ ಜೈಲಿನ ಹೊರಗಿನ 120 ಜನರನ್ನು ನೋಡಿದಾಗಲೂ, ಸೈಕೋಪತಿ ಲಕ್ಷಣ ಹೆಚ್ಚಿದ್ದವರಲ್ಲಿ ಅದು ಸರಾಸರಿ ಶೇಕಡಾ 10ರಷ್ಟು ದೊಡ್ಡದಿತ್ತು. ಇದೆಲ್ಲ ಗುಂಪಿನ ಸರಾಸರಿ. ಒಬ್ಬ ಹುಡುಗನ ಸ್ಕ್ಯಾನ್ ಹಿಡಿದು ಅವನು ಇಂಥವನು ಅನ್ನಲು ಬರುವುದಿಲ್ಲ. ಮತ್ತೆ, ದುಡುಕು ಕೈದಿಗಳಲ್ಲಿ ಮಾತ್ರ ಇರುವುದೂ ಅಲ್ಲ. ನನ್ನಲ್ಲೂ ಇದೆ, ನಿಮ್ಮಲ್ಲೂ ಸ್ವಲ್ಪ ಇದೆ ಅಲ್ವಾ?

ಇಲ್ಲಿಯ ಅಳೆಯುವ ಶಿಸ್ತು ನಮಗೆ ಬೇಕು. ಆದರೆ ದೊಡ್ಡಪ್ಪ ಮಾಡಿದ್ದನ್ನು ನಾನು ಇಲ್ಲಿ ಕಂಡಿಲ್ಲ. ನಾನು ಇಲ್ಲಿ ನೋಡಿದ ಮನೆಗಳಲ್ಲಿ 18 ತುಂಬಿದವನು ತನ್ನ ಪಾಡಿಗೆ ತಾನು. ದೊಡ್ಡಪ್ಪ ಆ ರಾತ್ರಿ ಬೈಯಲೇ ಇಲ್ಲ. “ಊಟ ಮಾಡು, ಬೆಳಿಗ್ಗೆ ಮಾತಾಡೋಣ” ಅಂದರು. ಮರುದಿನದಿಂದ ಕಣದ ಲೆಕ್ಕ ಅವನ ಕೈಗೆ, ಉಗ್ರಾಣದ ಬೀಗದಕೈ ತಮ್ಮ ಸೊಂಟಕ್ಕೆ. ಆಸೆಗೆ ಲಗಾಮು ಹಾಕುವ ಹಣೆಯ ಹಿಂದಿನ ಮೆದುಳು ಪೂರ್ತಿ ಬಲಿಯುವುದು ಸುಮಾರು 25ರ ಹೊತ್ತಿಗೆ. ಅಲ್ಲಿಯವರೆಗೆ ಆ ಲಗಾಮನ್ನು ಮನೆಯವರು ಹಿಡಿಯುವುದು ದೊಡ್ಡ ಉಪಕಾರ ಎಂದು ನಾನು ನಂಬುತ್ತೇನೆ.

ಮೊನ್ನೆ ಫೋನಿನಲ್ಲಿ ದೊಡ್ಡಪ್ಪನಿಗೆ ಹೇಳಿದೆ, ಆ ಪದ ಇನ್ನು ಮನೆಯಲ್ಲಿ ಯಾರೂ ಆಡುವುದು ಬೇಡ. ಆ ಅತ್ತಿಗೆಯ ತೋಟದ ಕಾಗದಗಳನ್ನು ಒಬ್ಬ ವಕೀಲರಿಗೆ ತೋರಿಸಿ ಎಂದೂ ಕೇಳಿಕೊಂಡೆ.