ಆ 'ಇವನೇ' ಬರೆದದ್ದು ನಾನಲ್ಲ

ಇನ್ನೂ ಕೈ ನಡುಗುತ್ತಾ ಇದೆ. ಎಷ್ಟು ಜನಕ್ಕೆ ಇದು ದೊಡ್ಡ ವಿಷಯ ಅನ್ನಿಸುತ್ತದೋ ಗೊತ್ತಿಲ್ಲ. ಹೇಳದಿದ್ದರೆ ನನಗೆ ಇವತ್ತು ನಿದ್ದೆ ಬರುವುದಿಲ್ಲ.

ಊರಿನ ಗ್ರಂಥಾಲಯದಿಂದ ಒಂದು ಪತ್ತೇದಾರಿ ಕಾದಂಬರಿ ತಂದಿದ್ದೆ. ಅದರಲ್ಲಿ ಕೊಲೆಗಾರನ ಹೆಸರು ಮೊದಲ ಸಲ ಬರುವ ಜಾಗದಲ್ಲೇ ಯಾರೋ ನೀಲಿ ಪೆನ್ನಿನಲ್ಲಿ ಗೆರೆ ಎಳೆದಿದ್ದಾರೆ. ಒಂದರ ಕೆಳಗೆ ಇನ್ನೊಂದು ಗೆರೆ. ಬದಿಗೆ ಒಂದು ಬಾಣ. ಬಾಣದ ತುದಿಯಲ್ಲಿ 'ಇವನೇ'. ಎಷ್ಟು ಒತ್ತಿ ಬರೆದಿದ್ದಾರೆ ಅಂದ್ರೆ, ಹಾಳೆ ತಿರುಗಿಸಿ ಬೆರಳಾಡಿಸಿದರೆ ಅಕ್ಷರ ಕೈಗೆ ತಾಗುತ್ತದೆ. ಯಾರು ನೀವು? ಇದರಿಂದ ನಿಮಗೆ ಏನು ಸಿಕ್ಕಿತು? ಓದಿ ಮುಗಿಸಿದಿರಿ, ಸಂತೋಷ. ಮುಚ್ಚಿ ವಾಪಸ್ ಕೊಟ್ಟು ಹೋಗಲಿಕ್ಕೆ ಏನು ಕಷ್ಟ ಇತ್ತು?

ಯಾರ ಹೆಸರು ಅಂತ ನಾನು ಇಲ್ಲಿ ಬರೆಯುವುದಿಲ್ಲ. ಪುಸ್ತಕದ ಹೆಸರನ್ನೂ ಹೇಳುವುದಿಲ್ಲ. ನನಗೆ ಆದದ್ದು ಇನ್ನೊಬ್ಬರಿಗೆ ಆಗುವುದು ಬೇಡ.

ಇದು ಮಾಮೂಲಿ ಪತ್ತೇದಾರಿ ಆಗಿದ್ದರೆ ಸುಮ್ನೆ ಇರುತ್ತಿದ್ದೆ. ಇದರಲ್ಲಿ ತನಿಖೆ ಮಾಡುವ ಇನ್ಸ್‌ಪೆಕ್ಟರಿಗೇ ನೆನಪು ಹೋಗಿದೆ. ಜೀಪು ಮಗುಚಿ ತಲೆಗೆ ಪೆಟ್ಟು. ಕೊಲೆಗಾರ ಯಾರು ಅಂತ ಅವನಿಗೆ ಅದಕ್ಕೆ ಮೊದಲೇ ಗೊತ್ತಾಗಿತ್ತು, ಈಗ ಗೊತ್ತಿಲ್ಲ. ಕೈಯಲ್ಲಿ ಉಳಿದದ್ದು ಅವನೇ ಬರೆದ ಕೇಸ್ ಡೈರಿ ಮಾತ್ರ. ತನಿಖಾಧಿಕಾರಿ ದಿನದಿನದ ಕೆಲಸವನ್ನು ಅದರಲ್ಲಿ ಬರೆದಿಡಬೇಕು ಅಂತ ಕಾನೂನೇ ಇದೆ. ಹಳೆಯ ಸಿಆರ್‌ಪಿಸಿಯಲ್ಲಿ (ಕ್ರಿಮಿನಲ್ ಕೇಸಿನ ತನಿಖೆ, ವಿಚಾರಣೆ ಹೇಗೆ ನಡೆಯಬೇಕು ಅನ್ನುವ ಕಾನೂನು) 172ನೇ ಸೆಕ್ಷನ್, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಹೊಸ ಸಂಹಿತೆಯಲ್ಲಿ 192. ಆ ಡೈರಿಯೇ ಸಾಕ್ಷ್ಯ ಆಗುವುದಿಲ್ಲ. ಆದರೆ ಬರೆದ ಅಧಿಕಾರಿ ನೆನಪು ಮಾಡಿಕೊಳ್ಳಲಿಕ್ಕೆ ಅದನ್ನು ಕೋರ್ಟಿನಲ್ಲಿ ನೋಡಬಹುದು. ನೋಡಿದನೋ, ಆ ಭಾಗದ ಬಗ್ಗೆ ಪ್ರಶ್ನೆ ಕೇಳುವ ಹಕ್ಕು ಆರೋಪಿಯ ಕಡೆಯವರಿಗೂ ಬರುತ್ತದೆ. ಸರಿ, ನೆನಪೇ ಇಲ್ಲದವನು ಏನನ್ನು ನೆನಪು ಮಾಡಿಕೊಳ್ಳುವುದು? ತನ್ನ ಅಕ್ಷರವನ್ನೇ ನಂಬಬೇಕಾ, ಬೇಡವಾ? ಇಡೀ ಕಾದಂಬರಿ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಇನ್ಸ್‌ಪೆಕ್ಟರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಇಬ್ಬರೂ ಕತ್ತಲೆಯಲ್ಲಿ ಒಟ್ಟಿಗೆ ನಡೆಯಬೇಕು. ಆ ನೀಲಿ ಪೆನ್ನಿನವರು ನನ್ನ ಪಾಲಿನ ಕತ್ತಲೆಯನ್ನೇ ಕಿತ್ತುಕೊಂಡರು.

ಕಾದಂಬರಿ ಬರೆದವರು ಎಷ್ಟು ತಿಳಿದು ಬರೆದಿದ್ದಾರೆ ಗೊತ್ತಾ? ಸಿನಿಮಾದಲ್ಲಾದರೆ ತಲೆಗೆ ಇನ್ನೊಂದು ಪೆಟ್ಟು ಬಿದ್ದ ಕೂಡಲೇ ಎಲ್ಲ ನೆನಪಾಗುತ್ತದೆ. ನಿಜದಲ್ಲಿ ಹಾಗಲ್ಲ. ಅಪಘಾತಕ್ಕೆ ಸ್ವಲ್ಪ ಮೊದಲು ನಡೆದದ್ದು ಎಷ್ಟೋ ಸಲ ವಾಪಸ್ ಬರುವುದೇ ಇಲ್ಲ. ಅದು ಮೆದುಳಿನಲ್ಲಿ ಸರಿಯಾಗಿ ಕೂರುವ ಮೊದಲೇ ಪೆಟ್ಟು ಬಿದ್ದಿರುತ್ತದೆ. ಕೈಯ ಅಭ್ಯಾಸದ ಕತೆಯೇ ಬೇರೆ. ಅಮೆರಿಕದ ಹೆನ್ರಿ ಮೊಲೈಸನ್ ಅನ್ನುವವರಿಗೆ 1953ರಲ್ಲಿ ಅಪಸ್ಮಾರ ನಿಲ್ಲಿಸಲಿಕ್ಕೆ ಮೆದುಳಿನ ಆಪರೇಷನ್ ಮಾಡಿದರು. ಆಮೇಲೆ ಹೊಸದು ಯಾವುದೂ ಅವರ ನೆನಪಿನಲ್ಲಿ ನಿಲ್ಲಲಿಲ್ಲ. ಆದರೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರ ಬಿಡಿಸುವ ಕೆಲಸ ಕೊಟ್ಟಾಗ ದಿನದಿಂದ ದಿನಕ್ಕೆ ಕೈ ಪಳಗಿತು, ಹಿಂದೆ ಬಿಡಿಸಿದ್ದು ಮಾತ್ರ ನೆನಪಿಲ್ಲ. ನಮ್ಮ ಇನ್ಸ್‌ಪೆಕ್ಟರ್ ಕೂಡ ಹಾಗೆಯೇ. ಸಹಿ ತಪ್ಪದೆ ಹಾಕುತ್ತಾನೆ, ಪಿಸ್ತೂಲು ಬಿಚ್ಚಿ ಜೋಡಿಸುತ್ತಾನೆ, ಯಾವ ಕೇಸು ಅಂತ ಗೊತ್ತಿಲ್ಲ. ಇಷ್ಟು ಚಂದದ ಪುಸ್ತಕ ಮಾರಾಯ್ರೆ!

ಬೇರೆ ಪ್ರತಿ ತಗೊಳ್ಳಿ ಅಂತೀರಿ. ಎಲ್ಲಿಂದ? ಹಳೆಯ ಪುಸ್ತಕ, ಅಂಗಡಿಯಲ್ಲಿ ಸಿಗುವುದಿಲ್ಲ. ನಾವಿರುವುದು ಕಾಸರಗೋಡಿನ ಕಡೆ, ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ. ಕನ್ನಡ ಪುಸ್ತಕ ಬೇಕಾದರೆ ತಲಪಾಡಿ ಗಡಿ ದಾಟಿ ಮಂಗಳೂರಿಗೇ ಹೋಗಬೇಕು. 1956ರ ನವೆಂಬರ್ 1ಕ್ಕೆ ನಮ್ಮನ್ನು ಕೇರಳಕ್ಕೆ ಸೇರಿಸಿದರು. ಅಲ್ಲಿಂದ ಇಲ್ಲಿವರೆಗೆ ಕನ್ನಡದ ಫಾರ್ಮ್‌ಗೆ, ಕನ್ನಡದ ಬೋರ್ಡಿಗೆ, ಶಾಲೆಗೆ ಕನ್ನಡದ ಮಾಷ್ಟ್ರಿಗೆ ಅಂತ ಕೇಳಿಕೊಂಡೇ ಬಂದವರು ನಾವು. ಊರಿನ ಗ್ರಂಥಾಲಯದಲ್ಲಿ ಕನ್ನಡಕ್ಕೆ ಅಂತ ಇರುವುದು ಮೂಲೆಯ ಒಂದು ಕಪಾಟು. ಅದರ ಮೇಲೂ ಹೀಗೆ ಗೀಚುವವರು ಕನ್ನಡ ಓದಲಿಕ್ಕೆ ಬರುವವರೇ ಅಲ್ವಾ? ಅದೇ ನನಗೆ ಜಾಸ್ತಿ ನೋವು. ಹೊರಗಿನವರು ಬಂದು 'ಇವನೇ' ಅಂತ ಕನ್ನಡದಲ್ಲಿ ಬರೆದು ಹೋಗಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಹಾಳಾಗಿ ಹೋಗಲಿ ಅಂತ ಬಿಡುತ್ತಿದ್ದೆ.

ಸಂಜೆ ಪುಸ್ತಕ ಹಿಡಿದುಕೊಂಡು ಗ್ರಂಥಾಲಯಕ್ಕೆ ಹೋದೆ. ಇನ್ನು ಬರುವವರಿಗಾದರೂ ಹೀಗೆ ಆಗದಿರಲಿ, ಒಂದು ಎಚ್ಚರಿಕೆಯ ಚೀಟಿ ಅಂಟಿಸಿ ಅಂತ ಹೇಳುವುದೇ ನನ್ನ ಉದ್ದೇಶ. ಪಕ್ಕದ ಕೋಣೆಯಲ್ಲಿ ಹುಡುಗರು ಕೇರಂ ಆಡುತ್ತಿದ್ದರು. ಪೇಪರ್ ಓದುವವರು ಬೆಂಚಿನ ತುಂಬ ಕೂತಿದ್ದರು. ನೋಡಿಕೊಳ್ಳುವವರು ಕನ್ನಡಕ ಏರಿಸಿ ಪುಟ ನೋಡಿದರು. ನೋಡಿ, ಹೆಸರನ್ನು ಎಲ್ಲರಿಗೂ ಕೇಳುವ ಹಾಗೆ ಓದಿದರು! "ಓ, ಇವನಾ ಕೊಂದದ್ದು?" ಬೆಂಚಿನವರು ನಕ್ಕರು.

"ಮಾಷ್ಟ್ರೇ, ಮೆಲ್ಲ. ಬೇರೆಯವರು ಓದಲಿಕ್ಕಿದ್ದಾರೆ" ಅಂದೆ.

"ನಾವು ಕೊಡುವಾಗ ಪುಸ್ತಕ ಸರಿ ಇತ್ತಲ್ಲ ಅಕ್ಕಾ" ಅಂದರು. ನನಗೆ ಮೊದಲು ತಲೆಗೆ ಹೋಗಲಿಲ್ಲ. ಆಮೇಲೆ ಮೇಜಿನ ಮೇಲಿದ್ದ ಚೀಟಿ ಮತ್ತು ಪೆನ್ನು ನನ್ನ ಕಡೆಗೆ ದೂಡಿದರು. "ಬೇಜಾರು ಮಾಡ್ಬೇಡಿ, ಒಮ್ಮೆ ಬರೆದು ತೋರಿಸಿ ನೋಡುವಾ."

ನಾನು ಬರೆದೆ. ಅಷ್ಟು ಜನ ನೋಡುತ್ತಾ ಇರುವಾಗ ಬೇರೆ ಏನು ಮಾಡಲಿಕ್ಕಾಗುತ್ತದೆ? ಬರೆಯದಿದ್ದರೆ ಕಳ್ಳಿ ಅಂತಾರೆ. 'ಇವನೇ'. ಮೂರೇ ಅಕ್ಷರ. ಬರೆಯುವಾಗ ಕೇರಂ ಕಾಯಿಯ ಸದ್ದೂ ನಿಂತಿತ್ತು, ಹುಡುಗರು ಬಾಗಿಲಿಗೆ ಬಂದು ನಿಂತಿದ್ದರು. ಮಾಷ್ಟ್ರು ಚೀಟಿಯನ್ನು ಪುಟದ ಪಕ್ಕ ಇಟ್ಟು, ಒಂದೊಂದೇ ಅಕ್ಷರದ ಮೇಲೆ ಬೆರಳು ಇಟ್ಟು ನೋಡಿದರು. "'ವ' ಸ್ವಲ್ಪ ಹಾಗೇ ಉಂಟು. 'ನೇ' ಬೇರೆ ಉಂಟು." ಬೆಂಚಿನಿಂದ ಒಬ್ಬರು ಎದ್ದು ಬಂದು ಅವರೂ ನೋಡಿದರು. ಅವರ ಮಗಳ ಮದುವೆಯ ರವಿಕೆ ಹೊಲಿದುಕೊಟ್ಟವಳು ನಾನು! "ಈ ಪ್ರಾಯದಲ್ಲಿ ಪತ್ತೇದಾರಿ ಯಾಕೆ ಅಕ್ಕಾ, ಭಗವದ್ಗೀತೆ ಓದಿ" ಅಂದರು. ಮತ್ತೆ ನಗು.

ಯಾಕೆ ಓದಬಾರದು? ಎನ್. ನರಸಿಂಹಯ್ಯನವರ ಪತ್ತೇದಾರಿ ಹಿಡಿದೇ ಕನ್ನಡ ಓದುವ ರುಚಿ ಹತ್ತಿಸಿಕೊಂಡ ಮನೆಗಳು ಎಷ್ಟಿವೆ. ಅದನ್ನು ಅಲ್ಲೇ ಹೇಳಬೇಕಿತ್ತು. ಗಂಟಲು ಕಟ್ಟಿತ್ತು, ಬಾಯಿಗೆ ಮಾತು ಬರಲಿಲ್ಲ.

ಇನ್ನು ಆ ಮೆಟ್ಟಿಲು ಹತ್ತುವುದಿಲ್ಲ ಅಂತ ದಾರಿಯುದ್ದಕ್ಕೂ ಹೇಳಿಕೊಂಡು ಬಂದೆ. ಹತ್ತದೆ ಎಲ್ಲಿಗೆ ಹೋಗುವುದು? ಇರುವುದು ಅದೊಂದೇ ಕಪಾಟು. ಹೋಗಲಿ ಬಿಡು ಅಂದುಕೊಂಡು ಪುಸ್ತಕ ತೆಗೆದು ಕೂತರೆ, ಆ ಹೆಸರು ಹಲಸಿನ ಮೇಣದ ಹಾಗೆ ಅಂಟಿದೆ. ಆ ಮನುಷ್ಯ ಇನ್ಸ್‌ಪೆಕ್ಟರಿಗೆ ಚಾ ತಂದುಕೊಟ್ಟರೂ ನನಗೆ ಕಾಣುವುದು ನೀಲಿ ಬಾಣ. ಕೋರ್ಟಿನ ಭಾಗ ಇನ್ನೂ ಓದಿಲ್ಲ. ಓದಬೇಕಾ, ಯಾರಾದರೂ ಹೇಳಿ. ಕೊಲೆಗಾರ ಯಾರು ಅಂತ ಗೊತ್ತಿದ್ದೂ ಇಂಥ ಪುಸ್ತಕ ಓದಿ ಸಂತೋಷಪಟ್ಟವರು ಇದ್ದೀರಾ?

ಗೀಚಿದವರು ಇದನ್ನು ಓದುತ್ತಾ ಇದ್ದರೆ, ನಾಳೆ ಹೋಗಿ ನಾನೇ ಬರೆದದ್ದು ಅಂತ ಒಂದು ಮಾತು ಹೇಳಿ. ದಂಡ ಇದ್ದರೆ ಅದನ್ನು ನಾನೇ ಕಟ್ಟುತ್ತೇನೆ. ಯಾಕೆಂದರೆ ನಾನು ಬರೆದ ಆ ಚೀಟಿಯನ್ನು ಗ್ರಂಥಾಲಯದವರು ಹರಿದು ಹಾಕಲಿಲ್ಲ. ಮೂಲೆಯಲ್ಲಿ ನನ್ನ ಹೆಸರು ಬರೆದು, ರಿಜಿಸ್ಟರಿನ ಒಳಗೆ ಇಟ್ಟಿದ್ದಾರೆ. ಅದು ನನಗೆ ವಾಪಸ್ ಬೇಕು.